ಕೂತಿದೆ ಅನ್ನೋ ಕೂಗು

ಡಾಕ್ಟರಮ್ಮ ಕೇಳಿದ್ದು ತೀರ ಸಾಧಾರಣವಾದ ಪ್ರಶ್ನೆ. ಆ ಕುರ್ಚಿಗೆ ಬಂದು ಕೂತ ಗಂಡಸರನ್ನೆಲ್ಲ ಆಕೆ ಕೇಳುವಂಥದ್ದು.

"ನಿಮಗೆ ಹಿಂದೆ ಯಾವುದಾದ್ರೂ ಆಪರೇಷನ್ ಆಗಿದೆಯಾ?"

ಅವನು ಮೊಣಕಾಲ ಮೇಲಿಟ್ಟುಕೊಂಡಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಆಗಿದೆ," ಅಂದ.

"ಯಾವುದು?"

"ಅದೇ... ಮುಂದೆ ಮಕ್ಕಳಾಗದ ಹಾಗೆ ಮಾಡ್ತಾರಲ್ಲ. ಗಂಡಸರಿಗೆ. ಅದು."

ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ, ಇವನು ಬೇರೆ ಯಾರದೋ ಸಂಗತಿ ಹೇಳುತ್ತಿದ್ದಾನೆ ಅನ್ನಿಸಿತು. ಪರಿಚಯದವರ ಕಾಯಿಲೆ ಕಸಾಲೆಯನ್ನು ಡಾಕ್ಟರ ಹತ್ತಿರ ಹೇಳಿ ಔಷಧಿ ಕೇಳುವ ಚಾಳಿ ಅವನಿಗೆ ಮೊದಲಿನಿಂದಲೂ ಇತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಎಷ್ಟು ವರ್ಷ ಆಯ್ತು?" ಅಂದಾಗಲೂ ಅವಳು ಸುಮ್ಮನೆ ಗೋಡೆಯ ಮೇಲಿನ ಬಸುರಿಯ ಚಿತ್ರ ನೋಡುತ್ತಿದ್ದಳು.

"ಮಗಳು ಹುಟ್ಟಿದ ವರ್ಷ. ಈಗವಳಿಗೆ ಹದಿಮೂರು."

ಮಗಳು ಅಂದರೆ ಗುಬ್ಬಿ. ಇದು ಬೇರೆ ಯಾರದೋ ಸಂಗತಿಯಲ್ಲ ಅಂತ ಆಗ ಅವಳಿಗೆ ಹೊಳೆಯಿತು.

ಡಾಕ್ಟರಮ್ಮ ಅವನನ್ನು ನೋಡಿದರು. ಆಮೇಲೆ ಇವಳನ್ನು ನೋಡಿದರು. "ಇವರಿಗೆ ಗೊತ್ತಿತ್ತಾ?"

ಟೋಪಿ ಇನ್ನೊಂದು ಸುತ್ತು ತಿರುಗಿತು.

ಅವನು ಮೋಟರು ಕೆಲಸದವನು. ಸುತ್ತಲ ಹತ್ತೂರಿನಲ್ಲಿ ಯಾರ ಕೊಳವೆಬಾವಿಯ ಮೋಟರು ಸುಟ್ಟರೂ ಅವನಿಗೇ ಕರೆ. ಮೊದಲ ಹೆಂಡತಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷದ ಮೇಲೆ ಇವಳನ್ನು ಮದುವೆಯಾದ. ಆಗ ಗುಬ್ಬಿಗೆ ಏಳು. ಅವನ ಸಹಾಯಕ ಕೆಲಸ ಬಿಟ್ಟು ಹೋದ ಮೇಲೆ ಇವಳೇ ಸೆರಗು ಸಿಕ್ಕಿಸಿ ಜೊತೆಗೆ ನಿಂತಳು. ಪೈಪು ಎತ್ತುವಾಗ ಅದು ಜಾರದ ಹಾಗೆ ಕಚ್ಚಿ ಹಿಡಿಯುವ ಕ್ಲ್ಯಾಂಪನ್ನು ಬಾವಿಯ ಬಾಯಿಯಲ್ಲಿ ಹಾಕುವುದು ಇವಳ ಕೆಲಸ. ಜನ ಇವಳನ್ನು 'ಕ್ಲ್ಯಾಂಪಕ್ಕ' ಅಂತ ಕರೆಯುವುದಕ್ಕೆ ಶುರುಮಾಡಿ ಆಗಲೇ ಸುಮಾರು ಕಾಲವಾಗಿತ್ತು. ಮದುವೆಯಾಗಿ ಆರು ವರ್ಷ. ಹೊಟ್ಟೆಯಲ್ಲಿ ಒಂದು ಕೂಸು ಬೇಕು ಅಂತ ಅವಳು ಆಸೆಪಟ್ಟು ಆರು ವರ್ಷ. ಅದರಲ್ಲಿ ಐದು ವರ್ಷ ಅವಳು ತನ್ನನ್ನು ಪರೀಕ್ಷೆಗೆ ಒಡ್ಡಿಕೊಂಡಿದ್ದಳು; ಅವನು ಮಾತ್ರ ಕೆಲಸದ ನೆಪ ಹೇಳಿ ತನ್ನ ಪರೀಕ್ಷೆ ತಪ್ಪಿಸುತ್ತಲೇ ಬಂದಿದ್ದ, ಈ ಡಾಕ್ಟರ ಎದುರು ಕೂತದ್ದು ಇವತ್ತೇ ಮೊದಲು. ರಕ್ತ ಕೊಟ್ಟಳು, ಮಾತ್ರೆ ನುಂಗಿದಳು. ಅತ್ತೆ ಕುದಿಸಿಕೊಟ್ಟ ಬೇರಿನ ಕಷಾಯವನ್ನು ಮೂಗು ಹಿಡಿದು ಕುಡಿದಳು. ಗರ್ಭದ ನಾಳಕ್ಕೆ ಬಣ್ಣದ ನೀರು ಹಾಯಿಸಿ ಫೋಟೋ ತೆಗೆದ ದಿನ ನೋವಿಗೆ ಹಲ್ಲು ಕಚ್ಚಿ ತುಟಿ ಒಡೆದುಕೊಂಡಿದ್ದಳು. ಹೊರಗೆ ಬಂದರೆ ಇವನು ಬೆಂಚಿನ ಮೇಲೆ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ನಾರು ಬಿಡಿಸಿ, ಬೀಜ ತೆಗೆದು, ಒಂದೊಂದೇ ತೊಳೆ ಕೈಗಿಟ್ಟಿದ್ದ. ಎಂಥ ಗಂಡ ಸಿಕ್ಕಿದ ಅಂತ ಆವತ್ತು ಅವಳ ಕಣ್ಣು ತುಂಬಿತ್ತು.

ಡಾಕ್ಟರಮ್ಮ ಗಂಟಲು ಸರಿಮಾಡಿಕೊಂಡರು. ಬೈಯುವುದು ತಮ್ಮ ಕೆಲಸವಲ್ಲ ಅಂತ ತೀರ್ಮಾನಿಸಿದವರಂತೆ ನಿಧಾನವಾಗಿ ಹೇಳತೊಡಗಿದರು.

"ದಾರಿ ಇಲ್ಲ ಅಂತಲ್ಲ. ಕತ್ತರಿಸಿದ ನಾಳ ಮತ್ತೆ ಹೊಲಿದು ಸೇರಿಸಬಹುದು. ಅದೊಂದು."

ಅವನ ಮುಖ ಅರಳಿತು. "ಅದೇ ನಾನೂ ಅನ್ಕೊಂಡಿದ್ದು ಡಾಕ್ಟ್ರೇ. ಎರಡು ತುದಿ ಸಿಕ್ಕಿದ್ರೆ ಮುಗೀತು. ಪೈಪಿಗೆ ಮಧ್ಯೆ ಒಂದು ಕಾಲರ್ ಹಾಕಿ ಜೋಡಿಸಿದಂಗೆ..."

"ಹದಿಮೂರು ವರ್ಷ ಪೈಪು ಮುಚ್ಚಿಟ್ಟು ಮೋಟರು ಓಡಿಸಿದ್ರೆ ಏನಾಗುತ್ತೆ?" ಅಂದರು ಡಾಕ್ಟರಮ್ಮ.

ಏನಾಗುತ್ತದೆ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ವರ್ಷ ಹೆಚ್ಚಾದಷ್ಟೂ ಸೇರಿಸಿದ್ದು ಫಲ ಕೊಡೋದು ಕಡಿಮೆ. ಸೇರಿಸಿದ ಮೇಲೂ ತಿಂಗಳುಗಟ್ಟಲೆ ಕಾಯಬೇಕು, ಕೆಲವರು ವರ್ಷದ ಮೇಲೂ ಕಾಯ್ತಾರೆ. ಇವರಿಗೆ ಮೂವತ್ತೇಳು. ಕಾಯೋ ಕಾಲ ಇವರ ಕೈಲಿ ಜಾಸ್ತಿ ಇಲ್ಲ. ಎರಡನೇದು, ಸೇರಿಸೋ ಗೋಜಿಗೇ ಹೋಗದೆ, ಸೂಜಿ ಹಾಕಿ ವೀರ್ಯಾಣುನ ಅದು ಹುಟ್ಟೋ ಜಾಗದಿಂದಲೇ ತೆಗೆಯೋದು. ಇವರ ಅಂಡ ತೆಗೆದು ಎರಡನ್ನೂ ಹೊರಗಡೆ ಕೂಡಿಸಿ ಗರ್ಭದಲ್ಲಿಡೋದು. ಅದರಲ್ಲಿ ಇಂಜೆಕ್ಷನ್ನು, ಓಡಾಟ ಎಲ್ಲ ಇವರಿಗೇ ಜಾಸ್ತಿ. ಅದೂ ಒಂದೇ ಸಲಕ್ಕೆ ಆಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ. ಮೂರನೇದು, ದಾನಿಯ ವೀರ್ಯ. ನಾಲ್ಕನೇದು ದತ್ತು. ಮನೆಗೆ ಹೋಗಿ ಇಬ್ಬರೂ ಕೂತು ಮಾತಾಡಿ. ಈ ಸಲ ಇಬ್ಬರೂ," ಅಂದರು.

ಬಸ್‌ಸ್ಟಾಪಿನ ಕಲ್ಲು ಬೆಂಚು ಬಿಸಿಲಿಗೆ ಕಾದಿತ್ತು. ಅವಳು ಕೂರಲಿಲ್ಲ. ಅವನು ಕೂತು, ಎದ್ದು, ಮತ್ತೆ ಕೂತ.

"ಬೈಬೇಕು ಅನ್ನಿಸಿದ್ರೆ ಬೈದುಬಿಡೇ. ಸುಮ್ನೆ ಇರಬೇಡ."

"ಯಾಕೆ ಮಾಡಿಸ್ಕೊಂಡಿದ್ದು?"

"ಗುಬ್ಬಿ ಹುಟ್ಟುವಾಗ ಅವಳಮ್ಮ ಸತ್ತು ಬದುಕಿದ್ಲು. ಇನ್ನೊಂದು ಬಸುರಾದ್ರೆ ಉಳಿಯಲ್ಲ ಅಂದ್ರು. ನಮ್ಮಮ್ಮ ನೋಡಿದ್ರೆ ತೊಟ್ಟಿಲ ಬಟ್ಟೆ ಒಣಗೋಕೆ ಮುಂಚೆನೇ ಗಂಡುಮಗು ಬೇಕು ಅಂತ ಶುರು ಹಚ್ಕೊಂಡ್ಲು. ಅಮ್ಮನ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗಲಿಲ್ಲ. ಅದಕ್ಕೆ ಯಾರಿಗೂ ಹೇಳದೆ ಹೋಗಿ ಮಾಡಿಸ್ಕೊಂಡು ಬಂದೆ."

"ಅಂದ್ರೆ ಅತ್ತೆಗೂ ಗೊತ್ತಿಲ್ಲ."

"ಯಾರಿಗೂ ಗೊತ್ತಿಲ್ಲ."

"ನಂಗೆ ಯಾಕೆ ಹೇಳಲಿಲ್ಲ?"

"ಮದುವೆಗೆ ಮುಂಚೆ ಹೇಳಿದ್ರೆ ನೀನು ಒಪ್ತಿದ್ಯಾ? ಆಮೇಲೆ... ಇವತ್ತು ಹೇಳೋಣ, ನಾಳೆ ಹೇಳೋಣ ಅಂತ. ಜೋಡಿಸೋದು ತಾನೇ, ಯಾವಾಗ ಬೇಕಾದ್ರೂ ಮಾಡಿಸ್ಕೋಬಹುದು ಅನ್ಕೊಂಡಿದ್ದೆ. ಕೆಲವರಿಗೆ ತಾನಾಗೇ ಕೂಡ್ಕೊಳ್ಳುತ್ತಂತೆ, ಹಂಗಂತ ಒಬ್ಬ ಹೇಳಿದ್ದ. ನೋಡೋಣ ಅಂತ ಕಾಯ್ತಿದ್ದೆ."

"ಕಾಯ್ತಿದ್ದೆ," ಅಂದಳು ಅವಳು. ಆರು ವರ್ಷ 'ರೀ' ಅಂತಲೇ ಕರೆದ ಬಾಯಿಂದ ಈಗ ಏಕವಚನ ತಾನಾಗಿಯೇ ಉದುರಿತು. "ನನ್ನನ್ನ ಮಲಗಿಸಿ ಬಣ್ಣದ ನೀರು ಹಾಯಿಸ್ತಿದ್ರಲ್ಲ, ಆಗ ನೀನು ಹೊರಗಡೆ ಕಿತ್ತಳೆ ಸುಲೀತಾ ಕಾಯ್ತಿದ್ದೆ. ಅವಳ ಜೀವ ಉಳಿಸೋಕೆ ಕತ್ತಿ ಕೆಳಗೆ ಮಲಗಿದ್ದೀಯ. ದೊಡ್ಡತನ, ಇಲ್ಲ ಅನ್ನಲ್ಲ. ನನಗೋಸ್ಕರ ಬಾಯಿ ಬಿಡೋಕೂ ಆಗಲಿಲ್ವಾ ನಿನಗೆ? ಬಾಯಿ ಬಿಟ್ರೆ ನೋವಾಗುತ್ತಾ?"

ಆಚೆ ನಿಂತಿದ್ದ ಮುದುಕನೊಬ್ಬ ಮೆಲ್ಲಗೆ ದೂರ ಸರಿದ.

"ಮೆಲ್ಲಗೆ ಮಾತಾಡೇ. ಈಗ ಗೊತ್ತಾಯ್ತಲ್ಲ. ಆ ಸೂಜಿದು ಮಾಡಿಸೋಣ. ಆಗದಿದ್ರೆ, ಗುಬ್ಬಿ ಇದ್ದಾಳಲ್ಲ ನಮಗೆ."

"ಮೂರನೇದು?"

ಅವನ ಮುಖ ಗಂಟಾಯಿತು. "ಯಾರೋ ಬೇರೆಯವನದು ನನ್ನ ಮನೇಲಿ ಬೆಳೀಬೇಕಾ? ಅದೊಂದು ಮಾತ್ರ ಆಗಲ್ಲ."

ಅವಳು ಅವನನ್ನೇ ನೋಡುತ್ತ ನಿಂತಳು. ಗುಬ್ಬಿ ಇವಳನ್ನು 'ಅಮ್ಮ' ಅನ್ನುವುದಕ್ಕೆ ಒಂದು ವರ್ಷ ಹಿಡಿದಿತ್ತು. ಈ ಆರು ವರ್ಷದಲ್ಲಿ ಇವಳು ಹೇನು ಹೆಕ್ಕಿದ್ದಳು, ವಾಂತಿ ಬಳಿದಿದ್ದಳು, ಹುಡುಗಿ ದೊಡ್ಡವಳಾದಾಗ ಬಚ್ಚಲ ಬಾಗಿಲಲ್ಲಿ ಕೂತು ಸಮಾಧಾನ ಹೇಳಿದ್ದಳು. ಅವಳು ಯಾರ ಹೊಟ್ಟೆಯಲ್ಲಿ ಹುಟ್ಟಿದವಳು ಅಂತ ಒಂದು ದಿನವೂ ಎತ್ತಿ ಆಡಿರಲಿಲ್ಲ. ಅದನ್ನೆಲ್ಲ ಹೇಳಬೇಕು ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಅವತ್ತು ಸಂಜೆ ಅವಳು ಅವನಿಗೆ ಒಂದು ಅವಕಾಶ ಕೊಟ್ಟಳು. ಬಾಯಿ ಬಿಟ್ಟು ಹೇಳಿ ಕೊಟ್ಟದ್ದಲ್ಲ. ಆದರೆ ಅದು ಅವಕಾಶ ಅಂತ ಅವನಿಗೆ ಗೊತ್ತಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು. ಅತ್ತೆ ದಿನದಂತೆ ಒಲೆಯ ಮೇಲಿಂದ ಕಷಾಯ ಇಳಿಸಿ, ಸೋಸಿ, ಲೋಟ ತಂದು ಸೊಸೆಯ ಮುಂದೆ ಕುಕ್ಕಿದಳು.

"ಡಾಕ್ಟ್ರು ಏನಂದ್ರು?"

ಅವಳು ಗಂಡನ ಕಡೆ ನೋಡಿದಳು. ಅವನು ತಟ್ಟೆಯಲ್ಲಿ ಏನೋ ಕಳೆದುಹೋದವನ ಹಾಗೆ ತಟ್ಟೆಯನ್ನೇ ನೋಡುತ್ತಿದ್ದ.

"ಏನಂತಾರೆ, ಇನ್ನೂ ನೋಡಬೇಕಂತೆ," ಅಂದ.

"ಇನ್ನೂ ನೋಡೋದೇನು, ನೆಲ ಸರಿ ಇದ್ರೆ ತಾನೇ ಬೆಳೆ? ಪಕ್ಕದ ಮನೆಯವಳಿಗೆ ಮದುವೆಯಾಗಿ ವರ್ಷ ತಿರುಗಲಿಲ್ಲ, ಆಗಲೇ ಕೂಸು ಅಂಬೆಗಾಲಿಡ್ತಿದೆ. ಇವಳಿಗೆ ಕುಡಿಸಿ ಕುಡಿಸಿ ನನ್ನ ಕೈ ಕಹಿ ಆಯ್ತು. ಕುಡಿಯೇ, ಆರಿ ಹೋಗುತ್ತೆ."

ಅವಳು ಲೋಟ ಎತ್ತಿದಳು. ಕುಡಿಯಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕಾದಳು. ಅವನ ಕಿವಿ ಕೆಂಪಾಗಿತ್ತು. ಕೊನೆಗೆ ಅವನು ತಲೆ ಎತ್ತದೆ, "ಇವತ್ತು ಬಿಡಮ್ಮ. ಅವಳಿಗೆ ತಲೆನೋವಂತೆ," ಅಂದ.

ಅವಳು ಲೋಟವನ್ನು ಅವನ ತಟ್ಟೆಯ ಪಕ್ಕಕ್ಕೆ ಇಟ್ಟು ಎದ್ದುಹೋದಳು.

"ಕೊಬ್ಬು ನೋಡು," ಅಂದಳು ಅತ್ತೆ. "ಅಪ್ಪ, ಆ ಲೋಟ ಯಾಕೆ ನಿನ್ನ ಹತ್ರ ಇಟ್ಲು ಅಮ್ಮ?" ಅಂತ ಗುಬ್ಬಿ ಕೇಳಿದ್ದು ಹಿತ್ತಲಿನ ತನಕ ಕೇಳಿಸಿತು. ಉತ್ತರ ಮಾತ್ರ ಕೇಳಿಸಲಿಲ್ಲ.

ಮರುದಿನ ಊರಿನ ಒಂದು ತೋಟದ ಯಜಮಾನಿಯ ಕೊಳವೆಬಾವಿಯಿಂದ ಸುಟ್ಟ ಮೋಟರು ಎತ್ತುವುದಿತ್ತು. ತೋಟ ಮನೆಗೆ ಹತ್ತಿರ. ಮಧ್ಯಾಹ್ನದ ಊಟ ತರುವ ನೆಪದಲ್ಲಿ ಅತ್ತೆ ಅಲ್ಲಿಗೆ ಬಂದು ಯಜಮಾನಿಯ ಜೊತೆ ಹರಟೆ ಹೊಡೆಯುವುದು ವಾಡಿಕೆ. ಅವತ್ತೂ ಬಂದಳು. ಮರದ ನೆರಳಿನಲ್ಲಿ ಕಾಲು ಚಾಚಿ ಕೂತಳು.

ಮೋಟರು ಎತ್ತುವ ಕೆಲಸ ಹೀಗೆ: ಬಾವಿಯ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ರಾಟೆಗೆ ಹಗ್ಗ ಹಾಕಿ, ಹಿಡಿ ತಿರುಗಿಸಿ, ಪೈಪಿನ ಸಾಲನ್ನು ಮೇಲೆ ಎಳೆಯಬೇಕು. ಒಂದು ಪೈಪು ಪೂರ್ತಿ ಹೊರಗೆ ಬಂದಾಗ, ಅದರ ಕೆಳಗೆ ಮುಂದಿನ ಪೈಪು ಕೂಡುವ ಸಂದಿಗೆ ಕ್ಲ್ಯಾಂಪು ಹಾಕಿ ಬೋಲ್ಟು ಬಿಗಿಯಬೇಕು. ಬಿಗಿದವಳು "ಕೂತಿದೆ!" ಅಂತ ಕೂಗಬೇಕು. ಕೂಗಿದ ಮೇಲೆಯೇ ಹಿಡಿಯವನು ಹಗ್ಗ ಸಡಿಲ ಬಿಡಬೇಕು. ಆಗ ಬಾವಿಯೊಳಗಿನ ಅಷ್ಟೂ ಭಾರ ಕ್ಲ್ಯಾಂಪಿನ ಮೇಲೆ ಕೂರುತ್ತದೆ. ಮೇಲಿನ ಪೈಪು ತಿರುಗಿಸಿ ಬಿಚ್ಚಬಹುದು. ಕೂಗು ಬರುವ ಮುಂಚೆ ಬಿಟ್ಟರೆ ಪೈಪು, ಮೋಟರು, ಕೇಬಲ್ಲು ಎಲ್ಲ ಪಾತಾಳಕ್ಕೆ. ಮತ್ತೆ ಬಾವಿಯೂ ಇಲ್ಲ, ಬೆಳೆಯೂ ಇಲ್ಲ. ಇದನ್ನು ಅವಳಿಗೆ ಕಲಿಸಿದವನು ಅವನೇ. "ಮಾತು ಬಾರದೆ ಬಿಟ್ರೆ ಮನೆ ಹಾಳು," ಅಂತ ಮೊದಲ ದಿನವೇ ಹೇಳಿದ್ದ. ರಾಟೆಗೆ ಹಿಮ್ಮುಖ ತಿರುಗದ ಹಾಗೆ ತಡೆಯುವ ಒಂದು ಕೊಕ್ಕೆ ಇತ್ತು. ಅದರ ಹಲ್ಲು ಸವೆದು ಎರಡು ವರ್ಷವಾಗಿತ್ತು. ಸರಿಮಾಡಿಸಿ ಅಂತ ಇವಳು ಹೇಳುತ್ತಿದ್ದಳು, ಮಾಡಿಸೋಣ ಅಂತ ಅವನು ಅನ್ನುತ್ತಿದ್ದ. ಅಲ್ಲಿಯ ತನಕ ಕೊಕ್ಕೆಯ ಕೆಲಸ ಅವನ ತೋಳೇ ಮಾಡುತ್ತಿತ್ತು.

ಎರಡು ಪೈಪು ಮಾತಿಲ್ಲದೆ ಬಂದವು. ಮೂರನೆಯದು ಹೊರಗೆ ಬಂದಾಗ ಅವಳು ಬಗ್ಗಿ ಕ್ಲ್ಯಾಂಪು ಹಾಕಿದಳು. ಬೋಲ್ಟು ಬಿಗಿದಳು. ಪಾನಾ ಕೆಳಗಿಟ್ಟಳು. ಎದ್ದು ನಿಂತು ಕೈ ಒರೆಸಿಕೊಂಡಳು. ಕೂಗಲಿಲ್ಲ.

ಅವನು ಹಿಡಿಯ ಮೇಲೆ ಮೈಯೆಲ್ಲ ಊರಿ ನಿಂತಿದ್ದ. ಅವನು ನಿಂತ ಕಡೆಯಿಂದ ಬಾವಿಯ ಬಾಯಿ ಕಾಣುತ್ತಿರಲಿಲ್ಲ. "ಕೂತಿತಾ?"

ಅವಳು ಮರದ ನೆರಳಿನ ಕಡೆ ನೋಡಿದಳು.

"ಏ, ಕೂತಿತಾ ಅಂದೆ!"

"ನೆರಳಲ್ಲಿ ನಿಮ್ಮಮ್ಮ ಕೂತಿದ್ದಾರೆ," ಅಂದಳು ಅವಳು. "ಹೇಳು."

"ಏನು... ಲೇ, ಹುಡುಗಾಟ ಬೇಡ. ಕೈ ಸೋಲ್ತಿದೆ."

"ನಿನ್ನೆ ಡಾಕ್ಟ್ರಿಗೆ ಹೇಳಿದ್ಯಲ್ಲ, ಅದನ್ನೇ ಹೇಳು. ಹೊಸ ಮಾತೇನೂ ಬೇಡ."

ತೋಟದ ಯಜಮಾನಿ ಎದ್ದು ನಿಂತಳು. "ಏ ಕ್ಲ್ಯಾಂಪಕ್ಕ, ಏನಾಗಿದೆ ನಿನಗೆ? ನನ್ನ ಮೋಟರು ಕಣೇ ಅದು!"

"ನಿಮ್ಮ ಮೋಟರಿಗೆ ಏನೂ ಆಗಲ್ಲ ಅಮ್ಮಾವ್ರೇ, ಮೋಟರಿಗೆ ನಾನು ಜವಾಬ್ದಾರಿ. ಇವರ ಬಾಯಿಗೆ ಮಾತ್ರ ಯಾರೂ ಜವಾಬ್ದಾರಿ ಇಲ್ಲ."

"ಗಂಡನ ಮೇಲೆ ಎಂಥ ದರ್ಪ ಇದು?" ಅತ್ತೆ ಅಲ್ಲಿಂದಲೇ ಕೂಗಿದಳು. "ಹೊಟ್ಟೇಲಿ ಹುಳ ಕೂಡ ಹುಟ್ಟಲಿಲ್ಲ, ನಾಲಿಗೆ ಮಾತ್ರ ಮೊಳದುದ್ದ ಬೆಳೆದಿದೆ!"

"ಕೇಳಿಸ್ಕೊಂಡ್ಯಾ?" ಅವಳ ದನಿ ಏರಲಿಲ್ಲ. ಕಲ್ಲಿನ ಮೇಲೆ ಕತ್ತಿ ಮಸೆದ ಹಾಗೆ ಬಂತು. "ಆರು ವರ್ಷದಿಂದ ಇದನ್ನ ನಾನು ಹಿಡ್ಕೊಂಡಿದ್ದೀನಿ. ನೀನು ಒಂದು ಗಳಿಗೆ ಹಿಡ್ಕೊ."

ಅವನ ತೋಳಿನ ನರ ಉಬ್ಬಿತು. ಹಣೆಯ ಬೆವರು ಕಣ್ಣಿಗಿಳಿಯಿತು; ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನು ಹೆಂಡತಿಯನ್ನು ನೋಡಿದ, ಅಮ್ಮನನ್ನು ನೋಡಿದ. ಅಮ್ಮನನ್ನು ನೋಡಿದಾಗ ಅವನ ಮುಖ ಪೆಟ್ಟು ತಿನ್ನುವ ಮಗುವಿನ ಮುಖದಂತಾಯಿತು.

"ಅಮ್ಮಾ," ಅಂದ. "ದೋಷ ಅವಳದ್ದಲ್ಲ."

"ಏನು?"

"ನಂದು. ಗುಬ್ಬಿ ಹುಟ್ಟಿದ ಮೇಲೆ ನಾನು ಆಪರೇಷನ್ ಮಾಡಿಸ್ಕೊಂಡಿದ್ದೆ. ಮಕ್ಕಳಾಗದ ಹಾಗೆ. ನಾನೇ ಹೋಗಿ ಮಾಡಿಸ್ಕೊಂಡೆ. ಇವಳಿಗೆ ಹೇಳಲಿಲ್ಲ."

ಅತ್ತೆ ಚಾಚಿದ್ದ ಕಾಲನ್ನು ಮೆಲ್ಲಗೆ ಮಡಚಿಕೊಂಡಳು.

"ಗಂಡಸಾಗಿ?" ಅಂದಳು. ದನಿಯಲ್ಲಿ ಜೀವ ಇರಲಿಲ್ಲ. "ಯಾರೋ ನಿನಗೆ ಹೇಳಿದ್ದು?"

"ನೀನೇ ಅಮ್ಮ. ಗಂಡುಮಗು, ಗಂಡುಮಗು ಅಂತ ದಿನಾ ಅಂತಿದ್ಯಲ್ಲ. ಇನ್ನೊಂದು ಬಸುರಾಗಿದ್ರೆ ಗುಬ್ಬಿ ಅಮ್ಮ ಸಾಯ್ತಿದ್ಲು."

"ಕೂತಿದೆ!" ಅಂತ ಕೂಗಿದಳು ಅವಳು.

ಅವನು ಹಿಡಿ ಬಿಟ್ಟ. ಪೈಪು ಒಂದು ಬೆರಳಿನಷ್ಟು ಕೆಳಗಿಳಿದು ಟಕ್ ಅಂತ ನಿಂತಿತು. ಅವನು ಓಡಿಬಂದು ಬಗ್ಗಿ ನೋಡಿದ. ಬೋಲ್ಟು ಆಗಲೇ ಬಿಗಿದು ಕಚ್ಚಿಕೊಂಡಿತ್ತು.

"ಮೊದಲೇ ಕೂತಿತ್ತಾ?"

"ಮೊದಲೇ ಕೂತಿತ್ತು. ನಾನು ಹೇಳಲಿಲ್ಲ, ಅಷ್ಟೇ," ಅಂದಳು ಅವಳು. "ಹೆಂಗಾಯ್ತು?"

ಅವನು ನೆಲದ ಮೇಲೆ ಕೂತುಬಿಟ್ಟ. ಅವನನ್ನು ಕಂಡು ಅವಳಿಗೆ ಕನಿಕರ ಬರಲಿಲ್ಲ. ಬರುತ್ತದೇನೋ ಅಂತ ಒಂದು ಕ್ಷಣ ಕಾದು ನೋಡಿದಳು; ಬರಲಿಲ್ಲ.

ಅತ್ತೆ ಎದ್ದಳು. ಸೊಸೆಯ ಹತ್ತಿರ ಬಂದು ಏನೋ ಹೇಳುತ್ತಾಳೆ ಅಂತ ಯಜಮಾನಿ ಕುತ್ತಿಗೆ ಉದ್ದ ಮಾಡಿ ಕಾದಳು. ಅತ್ತೆ ಅರ್ಧ ದಾರಿ ಬಂದು ನಿಂತಳು, ಊಟದ ಬುತ್ತಿಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು, ಬದುವಿನ ಮೇಲೆ ಮನೆ ಕಡೆ ನಡೆದಳು. ನಡಿಗೆ ಒಮ್ಮೆಲೇ ಮುದುಕಿಯದಾಗಿತ್ತು. ಬದುವಿನ ತಿರುವಿನಲ್ಲಿ ನಿಂತು, ತಿರುಗಿ ನೋಡದೆ, "ಆ ಬೇರು ಇನ್ನು ತರಿಸಲ್ಲ," ಅಂದಳು.

"ತರಿಸಿ ಅತ್ತೆ," ಅಂದಳು ಇವಳು. "ಕುಡಿಯೋರು ಬೇರೆಯವರು ಇದ್ದಾರೆ."

ಯಜಮಾನಿಗೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಊಟಕ್ಕೆ ಯಾರೂ ಕೈಹಾಕಲಿಲ್ಲ. ಉಳಿದ ಪೈಪುಗಳನ್ನು ಎತ್ತಿ, ಸುಟ್ಟ ಮೋಟರು ಹೊರತೆಗೆದರು. ಅವನು ಹೊಸದಕ್ಕೆ ಕೇಬಲ್ಲು ಜೋಡಿಸುತ್ತ ಕೂತಿದ್ದಾಗ ಅವಳು ಎದುರಿಗೆ ನಿಂತು ಮಾತಾಡಿದಳು.

"ನಾಳೆ ಡಾಕ್ಟ್ರ ಹತ್ರ ಹೋಗ್ತೀವಿ. ಜೋಡಿಸೋದು ಬೇಡ, ಅದಕ್ಕೆ ಕಾಯೋಕೆ ನನಗೆ ವಯಸ್ಸಿಲ್ಲ. ಇದ್ದದ್ದನ್ನ ನೀನು ತಿಂದುಹಾಕಿದ್ದೀಯ. ಮೊದಲು ನಿನಗೆ ಸೂಜಿ. ಅಲ್ಲಿ ಏನಾದ್ರೂ ಸಿಕ್ಕಿದ್ರೆ ನಾನು ಇಂಜೆಕ್ಷನ್ ತಗೋತೀನಿ. ಸಿಗಲಿಲ್ಲ ಅಂದ್ರೆ ದಾನಿದು."

ಅವನ ಕೈ ನಿಂತಿತು. "ಅದು..."

"ಗುಬ್ಬಿ ನನ್ನ ಹೊಟ್ಟೇಲಿ ಹುಟ್ಟಿದ್ಲಾ? ಯಾರದೋ ಅಂತ ನಾನು ಒಂದು ದಿನ ಅವಳನ್ನ ದೂರ ಇಟ್ಟಿದ್ದೀನಾ? ನನಗಾಗುತ್ತೆ, ನಿನಗಾಗಲ್ವಾ? ಆಗಲ್ಲ ಅಂದ್ರೆ ಈಗಲೇ ಹೇಳು. ಗುಬ್ಬಿಗೆ ನಾನು ಅಮ್ಮ, ಅದು ಹೋಗಲ್ಲ. ನಿನಗೆ ಹೆಂಡತಿ ಅನ್ನೋದು ಮಾತ್ರ ನೋಡ್ಕೋಬೇಕು."

ಅವನು ಕೇಬಲ್ಲಿನ ತುದಿಗೆ ಟೇಪು ಸುತ್ತಿದ. "ಆಗಲಿ," ಅಂದ.

"ಕೇಳಿಸಲಿಲ್ಲ."

"ಆಗಲಿ ಅಂದೆ!"

"ಗುಬ್ಬಿಗೂ ನೀನೇ ಹೇಳು. ನಿನ್ನೆ ಕೇಳಿದ್ಲಲ್ಲ, ಉತ್ತರ ಬಾಕಿ ಇದೆ."

ಹೊಸ ಮೋಟರು ಇಳಿಸುವಾಗ ಅವನು ಅಭ್ಯಾಸಬಲದಿಂದ ರಾಟೆಯ ಕಡೆ ಹೊರಟ. ಅವಳು ಮುಂದೆ ಹೋಗಿ ಹಿಡಿಗೆ ಕೈ ಹಾಕಿದಳು. "ನೀನು ಕ್ಲ್ಯಾಂಪಿಗೆ ಹೋಗು. ಅಮ್ಮಾವ್ರೇ, ನೀವೂ ಬನ್ನಿ, ನಿಮ್ಮ ಮೋಟರು ತಾನೇ."

ಯಜಮಾನಿ ಸೆರಗು ಬಿಗಿದುಕೊಂಡು ಬಂದು ಹಿಡಿಯ ಇನ್ನೊಂದು ಕಡೆ ನಿಂತಳು. ಇಬ್ಬರ ಮೈಭಾರಕ್ಕೆ ಹಿಡಿ ಮಾತು ಕೇಳಿತು. ಮೊದಲ ಪೈಪು ಮೆಲ್ಲಗೆ ಇಳಿಯಿತು. ಬಾವಿಯ ಬಾಯಿಯಲ್ಲಿ ಬಗ್ಗಿದ್ದ ಅವನು ಬೋಲ್ಟು ಬಿಗಿದು, "ಕೂತಿದೆ!" ಅಂತ ಕೂಗಿದ.

ಅವಳು ಹಿಡಿ ಬಿಡಲಿಲ್ಲ.

"ಕೂತಿದೆ ಕಣೇ!" ಅಂತ ಮತ್ತೆ ಕೂಗಿದ. ಪಕ್ಕದ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ತಲೆಯೆತ್ತಿ ನೋಡಿದರು.

"ಎದ್ದು ಬಾ," ಅಂದಳು ಅವಳು. "ಇಲ್ಲಿ ಹಿಡ್ಕೊ. ಬೋಲ್ಟು ನಾನು ನೋಡ್ಬೇಕು."

ಅವನು ಬಂದು ಹಿಡಿ ಹಿಡಿದ. ಅವಳು ಹೋಗಿ, ಬಗ್ಗಿ, ಪಾನಾ ಹಾಕಿ ಎಳೆದು ನೋಡಿದಳು. ಬಿಗಿಯಾಗಿಯೇ ಇತ್ತು. ವಾಪಸು ಬಂದು ಹಗ್ಗ ಸಡಿಲಿಸಿದಳು. ಎರಡನೆಯ ಪೈಪಿಗೂ ಹಾಗೆಯೇ ಮಾಡಿದಳು. ಮೂರನೆಯದಕ್ಕೂ ಹಾಗೆಯೇ. ಬಿಸಿಲು ಇಳಿಯುವುದರೊಳಗೆ ಮುಗಿಯಬೇಕಾಗಿದ್ದ ಕೆಲಸ ಹೊತ್ತು ಮುಳುಗಿದರೂ ಮುಗಿಯಲಿಲ್ಲ. ಪ್ರತಿ ಸಂದಿಗೂ ಅವನು ಕೂಗುತ್ತಿದ್ದ, ಪ್ರತಿ ಸಂದಿಗೂ ಅವಳು ಹೋಗಿ ನೋಡಿ ಬರುತ್ತಿದ್ದಳು. ತಡವಾಯಿತು ಅಂತ ಯಜಮಾನಿಯೂ ಅನ್ನಲಿಲ್ಲ, ಅವನೂ ಅನ್ನಲಿಲ್ಲ.